ಎಡಗಡೆ ಖಾಲಿ ಬಿಟ್ಟ ಮೈದಾನ

ಬಾಸ್ಟನ್ನಿನ ಕೆನ್‌ಮೋರ್ ನಿಲ್ದಾಣದಲ್ಲಿ ಇಳಿದು ಜನರ ಬೆನ್ನು ಹತ್ತಿದರೆ ಸಾಕು, ದಾರಿ ಕೇಳಬೇಕಿಲ್ಲ. 1912ರಲ್ಲಿ ತೆರೆದ ಫೆನ್‌ವೇ ಪಾರ್ಕ್ ಎಂಬ ಬೇಸ್‌ಬಾಲ್ ಮೈದಾನ ಹೊರಗಿಂದ ಬರೀ ಹಳೇ ಇಟ್ಟಿಗೆಯ ಕಟ್ಟಡ. ಒಳಗೆ ಹೋಗಿ ತಲೆ ಎತ್ತಿದರೆ ಎಡಬದಿಗೆ 37 ಅಡಿ ಎತ್ತರದ ಹಸಿರು ಗೋಡೆ! ಗ್ರೀನ್ ಮಾನ್‌ಸ್ಟರ್ ಅಂತ ಸುಮ್ಮನೆ ಕರೆದಿಲ್ಲ.

ನನಗೆ ಬೇಕಿದ್ದದ್ದು ಮಾತ್ರ ಬಲಬದಿಯ ಒಂದು ಕುರ್ಚಿ. 42ನೇ ವಿಭಾಗ, 37ನೇ ಸಾಲು, 21ನೇ ಸಂಖ್ಯೆ. ಸುತ್ತ ಎಲ್ಲ ಹಸಿರು, ಇದೊಂದೇ ಕೆಂಪು. 1946ರ ಜೂನ್ 9ರಂದು ಬಾಸ್ಟನ್ ತಂಡದ ಟೆಡ್ ವಿಲಿಯಮ್ಸ್ ಬೀಸಿದ ಚೆಂಡು 502 ಅಡಿ ಹಾರಿ, ಇಲ್ಲಿ ಕೂತಿದ್ದವನ ಹುಲ್ಲಿನ ಟೋಪಿಗೆ ತೂತು ಹಾಕಿತ್ತು. ಅಲ್ಲಿಂದ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಕಡೆ ನೋಡಿದೆ. ಮನುಷ್ಯಮಾತ್ರರು ಹೊಡೆಯುವ ದೂರವೇ ಇದು?

ಇಂಥವನನ್ನು ಕಟ್ಟಿಹಾಕುವುದು ಹೇಗೆ? ಉತ್ತರ ಕೆಳಗಿನ ಹುಲ್ಲಿನಲ್ಲೇ ಇತ್ತು. ಅದೇ ವರ್ಷದ ಜುಲೈ 14ರಂದು ಇಲ್ಲಿ ಎರಡು ಪಂದ್ಯ. ಮೊದಲನೆಯದರಲ್ಲಿ ವಿಲಿಯಮ್ಸ್ ಮೂರು ಹೋಮ್ ರನ್ ಬಾರಿಸಿದ. ಎರಡನೆಯದರಲ್ಲಿ ಕ್ಲೀವ್‌ಲೆಂಡ್‌ನ ಆಟಗಾರ-ಮ್ಯಾನೇಜರ್ ಲೂ ಬೌಡ್ರೂ ಆರು ಜನರನ್ನು ಬಲಕ್ಕೆ ಎಳೆದು, ಎಡಕ್ಕೆ ಒಬ್ಬನನ್ನೇ ಬಿಟ್ಟ. ವಿಲಿಯಮ್ಸ್ ಎಡಗೈ ಬ್ಯಾಟರ್, ಬಲಕ್ಕೆ ಎಳೆದು ಹೊಡೆಯುವವ. ನಮ್ಮ ಕ್ರಿಕೆಟ್‌ನಲ್ಲಾದರೆ ಹೆಚ್ಚುಕಡಿಮೆ ಇಡೀ ಆಫ್ ಸೈಡ್ ಖಾಲಿ ಬಿಟ್ಟ ಹಾಗೆ.

ಮೂರನೇ ಬೇಸ್ ಗೆರೆಯತ್ತ ಚೆಂಡನ್ನು ಬಂಟ್ ಮಾಡಿ, ಅಂದರೆ ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿ, ಓಡಿದರೆ ಮುಗಿಯಿತಲ್ಲ ಎನಿಸುತ್ತದೆ. ಆದರೆ ಆಸಾಮಿ ಹಠಮಾರಿ, ಬಹುಪಾಲು ಬಲಬದಿಯ ಆ ಗುಂಪಿನ ಕಡೆಗೇ ಬೀಸಿದ. ಆ ವರ್ಷದ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಸೇಂಟ್ ಲೂಯಿಸ್ ತಂಡವೂ ಹೀಗೇ ಜನರನ್ನು ಸರಿಸಿ ನಿಲ್ಲಿಸಿತು, ಅವನ ಸರಾಸರಿ .200ಕ್ಕೆ ಇಳಿಯಿತು, ಬಾಸ್ಟನ್ ಸೋತಿತು. ನಡುವೆ ಒಮ್ಮೆ ಅವನು ಬಂಟ್ ಮಾಡಿದ್ದೇ ಪತ್ರಿಕೆಯಲ್ಲಿ ತಲೆಬರಹವಾಯಿತು!

ಅವನಿಗೆ ಕೈಲಾಗದೆ ಅಲ್ಲ. ಆ ಸರಣಿಗೂ ಮುಂಚೆ, ಸೆಪ್ಟೆಂಬರ್ 13ರಂದು ಕ್ಲೀವ್‌ಲೆಂಡ್‌ನಲ್ಲಿ ಅದೇ ವ್ಯೂಹದೆದುರು ಚೆಂಡನ್ನು ಎಡಕ್ಕೆ, ಅಲ್ಲಿದ್ದ ಒಬ್ಬನೇ ಫೀಲ್ಡರನ ತಲೆ ಮೇಲೆ ಕಳಿಸಿ ನಾಲ್ಕೂ ಬೇಸ್ ಓಡಿದ. ಅವನ 521 ಹೋಮ್ ರನ್‌ಗಳಲ್ಲಿ ಮೈದಾನದೊಳಗೇ ಓಡಿ ಗಳಿಸಿದ್ದು ಅದೊಂದೇ. ಪಂದ್ಯ 1-0, ಅಮೆರಿಕನ್ ಲೀಗ್ ಕಿರೀಟ ಬಾಸ್ಟನ್ನಿಗೆ.

ಬಲ ಬಿಟ್ಟು ಬರೀ ಬಂಟ್ ಮಾಡುತ್ತಾ ಕೂತರೆ ಎದುರಾಳಿಗೇ ಖುಷಿ, ನಿಜ. ಆದರೂ ಆಗಾಗ ಎಡಕ್ಕೆ ಎರಡು ತಟ್ಟಿದ್ದರೆ ಆ ಆರರಲ್ಲಿ ಇಬ್ಬರಾದರೂ ತಮ್ಮ ಜಾಗಕ್ಕೆ ಮರಳಲೇಬೇಕಿತ್ತು. 2023ರಿಂದ ಎರಡನೇ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇನ್‌ಫೀಲ್ಡರ್‌ಗಳು ಇರಲೇಬೇಕೆಂದು ಮೇಜರ್ ಲೀಗ್ ನಿಯಮ ಮಾಡಿದೆ. ಬ್ಯಾಟರ್‌ಗಳು ಮಾಡಬೇಕಿದ್ದ ಕೆಲಸವನ್ನು ನಿಯಮ ಮಾಡಿತು ಅಂತಲೇ ನನ್ನ ಅನಿಸಿಕೆ.