ಚುಕ್ಕಿ ಕಲಸಿಹೋದ ಬೆಳಿಗ್ಗೆ

11 ವರ್ಷದ ಹಿಂದೆ ಬಲಗಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿಕೊಂಡಿದ್ದೆ. ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕದವಳಿಗೆ ಅದು ಹೊಸ ಹುಟ್ಟೇ ಆಗಿತ್ತು.

ಕಳೆದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಸಾಗರದ ನಮ್ಮ ಮನೆಯಂಗಳದಲ್ಲಿ ಬಗ್ಗಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದೆ. ಇದ್ದಕ್ಕಿದ್ದಂತೆ ಚುಕ್ಕಿಗಳೆಲ್ಲ ಕಲಸಿಹೋದವು. ಎಡಗಣ್ಣು ಮುಚ್ಚಿಕೊಂಡೆ. ಬಲಗಣ್ಣಿಗೆ ಬರೀ ಮಂಜು. ಅದರೊಳಗೆ ಗಾಜಿನ ಬಳೆಯ ಅಂಚಿನಂಥದ್ದೊಂದು ಓಲಾಡುತ್ತಿತ್ತು. ಒಂದಿಷ್ಟೂ ನೋವಿರಲಿಲ್ಲ. ಬಿಪಿ ಏರಿರಬೇಕೆಂದು ಎರಡು ದಿನ ಸುಮ್ಮನಿದ್ದುಬಿಟ್ಟೆ.

ಮೂರನೆಯ ದಿನ ಮಗ ಶಿವಮೊಗ್ಗಕ್ಕೆ ಕರೆದೊಯ್ದ. "ಅಮ್ಮಾ, ಲೆನ್ಸ್ ಚೀಲವನ್ನು ಹಿಡಿದಿದ್ದ ಎಳೆಗಳು ಸಡಿಲಾಗಿವೆ. ಲೆನ್ಸ್ ಚೀಲದ ಸಮೇತ ಕಣ್ಣಿನ ಹಿಂದಕ್ಕೆ ಬಿದ್ದು ರೆಟಿನಾ ಮೇಲೆ ಕೂತಿದೆ" ಎಂದರು ಡಾಕ್ಟರು. ಕಣ್ಣೊಳಗೆ ತುಂಬಿರುವ ತಿಳಿ ಲೋಳೆಯನ್ನು ಮೊದಲು ತೆಗೆಯಬೇಕು, ಹಾಗೇ ಎಳೆದರೆ ರೆಟಿನಾ ಹರಿಯಬಹುದು ಎಂದು ಚಿತ್ರ ಬರೆದು ತೋರಿಸಿದರು.

ಎಚ್ಚರದಲ್ಲೇ ಆಪರೇಷನ್. ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟು, ಮುಖಕ್ಕೆ ಬಟ್ಟೆ ಹೊದಿಸಿದರು. ಕಣ್ಣಿನ ಬಿಳಿಭಾಗದಲ್ಲಿ ಒಂದು ಮಿಲಿಮೀಟರಿಗಿಂತ ಸಣ್ಣ ಮೂರು ತೂತು: ಕಣ್ಣು ಕುಸಿಯದಂತೆ ನೀರು ಬಿಡಲು ಒಂದು, ದೀಪಕ್ಕೆ ಒಂದು, ಲೋಳೆಯನ್ನು ಕತ್ತರಿಸಿ ಹೀರುವ ಸಲಕರಣೆಗೆ ಇನ್ನೊಂದು. ಡಾಕ್ಟರು ಮಾಡುವುದನ್ನೆಲ್ಲ ಹೇಳುತ್ತಲೇ ಇದ್ದರು. ಆ ದನಿಯೊಂದೇ ನನಗಿದ್ದ ಆಸರೆ.

ನಡುವೆ ಕೆಮ್ಮು ಒತ್ತರಿಸಿ ಬಂತು. ಒಂದು ಸಲ ತಲೆ ಅಲುಗಿದರೆ ಕಣ್ಣೇ ಹೋದೀತೆಂಬ ಭಯಕ್ಕೆ ಉಸಿರು ಕಟ್ಟಿತು. "ಕೆಮ್ಮು ಬರ್ತಿದೆ" ಎಂದೆ. ಸಲಕರಣೆಗಳನ್ನು ಹೊರತೆಗೆದು ಕಾದರು. ನರ್ಸ್ ಕೈ ಹಿಡಿದುಕೊಂಡರು. ಕೆಮ್ಮಿ ಮುಗಿಸಿ ಮತ್ತೆ ಮಲಗಿದೆ. ಬಿದ್ದ ಲೆನ್ಸನ್ನು ಚಿಮ್ಮಟದಲ್ಲಿ ಎತ್ತಿ ತೆಗೆದರು. ಕೂರಿಸಲು ಚೀಲವಿಲ್ಲವಲ್ಲ, ಹೊಸ ಲೆನ್ಸಿನ ಎಳೆಗಳನ್ನು ಬಿಳಿಭಾಗದ ಗೋಡೆಗೇ ಸಿಕ್ಕಿಸಿದರು. ಒಂದು ಗಂಟೆಗೂ ಹೆಚ್ಚು ಹಿಡಿಯಿತು.

ಮರುದಿನ ಪಟ್ಟಿ ಬಿಚ್ಚಿದಾಗ ಬೆಳಕು ಮಾತ್ರ ಕಂಡಿತು. ಒಳಗೆ ಬಿಟ್ಟಿದ್ದ ಗಾಳಿ ಕರಗುತ್ತ ಹೋದಂತೆ ನೋಟದ ಮೇಲುಭಾಗ ತಿಳಿಯಾಯಿತು. ಗಾಳಿಗುಳ್ಳೆಯ ಅಂಚು ಕೊಡದ ನೀರಿನ ಮಟ್ಟದಂತೆ ದಿನದಿನವೂ ಕೆಳಗಿಳಿಯಿತು. ವಾರಗಟ್ಟಲೆ ಬಗ್ಗುವಂತಿರಲಿಲ್ಲ, ಭಾರ ಎತ್ತುವಂತಿರಲಿಲ್ಲ. ಸೊಸೆ ರಂಗೋಲಿ ಹಾಕುವುದನ್ನು ಜಗಲಿಯಲ್ಲಿ ಕೂತು ನೋಡುತ್ತಿದ್ದೆ.

ಈಗ ಚುಕ್ಕಿ ನಾನೇ ಇಡುತ್ತೇನೆ. ನೋಟ ಮೊದಲಿನಷ್ಟು ನಿಚ್ಚಳವಾಗಿಲ್ಲ, ಆದರೆ ಸಾಲು ತಪ್ಪುವುದಿಲ್ಲ. ನಮ್ಮ ಬೀದಿಯಲ್ಲಿ ಯಾರೇ ಪೊರೆ ತೆಗೆಸಿಕೊಂಡು ಬರಲಿ, ಹೋಗಿ ಹೇಳಿ ಬರುತ್ತೇನೆ: ಎಷ್ಟು ವರ್ಷವಾದರೂ ಸರಿ, ದಿಢೀರನೆ ಮಂಜಾದರೆ ನೋವಿಲ್ಲವೆಂದು ಕಾಯಬೇಡಿ, ಅವತ್ತೇ ಕಣ್ಣು ತೋರಿಸಿ.