ಮೂಳೆ ಮತ್ತು ಹರಳು

ನಮ್ಮ ತಾತ ಊರಿನ ಸತ್ತ ದನ ಹೊರುತ್ತಿದ್ದ. ತೊಗಲು ಒಬ್ಬನಿಗೆ, ಮೂಳೆ ಇನ್ನೊಬ್ಬನಿಗೆ. ಮೂಳೆ ಪುಡಿಯಾಗಿ, ಗೊಬ್ಬರದ ಚೀಲದಲ್ಲಿ ಮತ್ತೆ ಒಡೆಯರ ಗದ್ದೆಗೇ ಬರುತ್ತಿತ್ತು. ಮೂಳೆಯ ಗಟ್ಟಿತನ ಕ್ಯಾಲ್ಸಿಯಂ ಫಾಸ್ಫೇಟಿನದು ಎಂದು ಕಾಲೇಜಿನಲ್ಲಿ ಓದಿದೆ. ತಾತನ ಹೆಗಲೇರಿ ಬಂದ ಫಾಸ್ಫೇಟು ತಿಂದ ಗದ್ದೆಗೆ ಮೈಲಿಗೆಯಾಗಲಿಲ್ಲ. ತಾತ ಮಾತ್ರ ಊರ ಬಾವಿ ಮುಟ್ಟುವಂತಿರಲಿಲ್ಲ. ಚೀಲದ ಮೇಲೆ ಅವನ ಹೆಸರೂ ಇರಲಿಲ್ಲ.

ಈಗ ನಾನೂ ಫಾಸ್ಫೇಟಿನ ಕೆಲಸದವನೇ. ಯೂರೋಪಿಯಂ ನೈಟ್ರೇಟ್, ಫಾಸ್ಫಾರಿಕ್ ಆಮ್ಲ, ಆಕ್ಸಾಲಿಕ್ ಆಮ್ಲ, ನೀರು. ಇಷ್ಟನ್ನು ಟೆಫ್ಲಾನ್ ಬಟ್ಟಲಿಗೆ ಹಾಕಿ, ಉಕ್ಕಿನ ಕವಚದಲ್ಲಿ ಬಿಗಿದು, 160 ಡಿಗ್ರಿ ಕಾವಿನಲ್ಲಿ ಮೂರು ದಿನ ಇಡುತ್ತೇನೆ.

'ಅದೇನ್ ಮಗಾ, ಮೂರು ದಿನ ಬೇಯ್ಸದು? ಉಣ್ಣಕ್ಕೂ ಬರಲ್ವಲ್ಲ!' ಅಂತಾಳೆ ಅವ್ವ.

ಯೂರೋಪಿಯಂ ಲ್ಯಾಂಥನೈಡ್ ಕುಲದ್ದು. ಆ ಕುಲಕ್ಕೆ ಹೆಸರು ಕೊಟ್ಟ ಲ್ಯಾಂಥನಂ 1839ರಲ್ಲಿ ಸ್ವೀಡನ್ನಿನ ಮೊಸಾಂಡರನಿಗೆ ಸಿಕ್ಕಿತು. ಗ್ರೀಕಿನಲ್ಲಿ ಅದರರ್ಥ ಅಡಗಿರುವುದು. ಮೂಲಧಾತುಗಳ ಪಟ್ಟಿಯಲ್ಲಿ ಇವನ್ನು ಕೆಳಗೆ, ಬೇರೆ ಸಾಲಲ್ಲಿ ಅಚ್ಚು ಹಾಕುತ್ತಾರೆ. ಮೊದಲ ಸಲ ನೋಡಿದಾಗಲೇ ನನಗೆ ನಮ್ಮ ಕೇರಿ ಕಂಡಿತು. ಅಪರೂಪದ ಧಾತುಗಳೆಂದು ಹೆಸರು ಬೇರೆ. ಆದರೆ ಅವುಗಳಲ್ಲೊಂದಾದ ಸೀರಿಯಂ ಭೂಮಿಯ ತೊಗಟೆಯಲ್ಲಿ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕೇರಿಯಲ್ಲಿ ಬುದ್ಧಿವಂತರು ಅಪರೂಪ ಅನ್ನುವವರಿಗೆ ಇದನ್ನು ಹೇಳಬೇಕು, ಗೆಳೆಯರೇ.

ಲ್ಯಾಂಥನೈಡ್ ಫಾಸ್ಫೇಟು ನೀರಲ್ಲಿ ಕರಗುವುದೇ ಕಷ್ಟ. ಅವಸರಪಟ್ಟರೆ ಬರೀ ಪುಡಿ. ಮುಚ್ಚಿದ ಕಾವಿನಲ್ಲಿ ಒಂದಿಷ್ಟು ಕರಗಿ, ನಿಧಾನವಾಗಿ ಕೂಡಿಕೊಂಡರೆ ಹರಳು. ಒಂದೊಂದು ಲೋಹದ ಸುತ್ತ ಎಂಟೋ ಒಂಬತ್ತೋ ಆಕ್ಸಿಜನ್. ಫಾಸ್ಫೇಟು ಒಂದು ಕೈ ಈ ಲೋಹಕ್ಕೆ, ಇನ್ನೊಂದು ಕೈ ಆ ಲೋಹಕ್ಕೆ ಚಾಚುತ್ತದೆ. ಆಕ್ಸಲೇಟೂ ಹಾಗೆಯೇ. ಸರಪಣಿ ಹಾಳೆಯಾಗುತ್ತದೆ, ಹಾಳೆ ಚೌಕಟ್ಟಾಗುತ್ತದೆ. ಇದೇ ಕೋಆರ್ಡಿನೇಶನ್ ಪಾಲಿಮರ್.

ಹನ್ನೊಂದು ಸಲ ನನಗೆ ಪುಡಿಯೇ ಸಿಕ್ಕಿತು. 'ನಿಮಗೇನ್ ಬಿಡಪ್ಪ, ಹರಳು ಬರದಿದ್ರೂ ಸ್ಕಾಲರ್‌ಶಿಪ್ ಬರುತ್ತೆ' ಅಂದರು ಪಕ್ಕದವರು. ನಾನು ಮಾತಾಡದೆ ಬಟ್ಟಲು ತೊಳೆದೆ. ಆ ಮೌನಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹನ್ನೆರಡನೆಯ ಸಲ ಸೂಜಿಮೊನೆಯಂಥ ಹರಳುಗಳು. ಅತಿನೇರಳೆ ದೀಪದ ಕೆಳಗೆ ಹಿಡಿದರೆ ಕೆಂಡದ ಹಾಗೆ ಕೆಂಪು. ಹರಳಿನ ಮೂಲಕ ಎಕ್ಸ್-ಕಿರಣ ಹಾಯಿಸಿದರೆ ಒಳಗಿನ ಕ್ರಮ ಚುಕ್ಕಿಗಳಾಗಿ ಬೀಳುತ್ತದೆಂದು 1912ರಲ್ಲೇ ಗೊತ್ತಾಗಿತ್ತು. ನನ್ನ ಹರಳಿನ ರಚನೆ ಪರದೆಯ ಮೇಲೆ ಮೂಡಿದ ದಿನ ಒಬ್ಬರು ಅಂದರು: 'ನೋಡಿ, ಎಲ್ಲ ಅವರವರ ಜಾಗದಲ್ಲಿ. ನಮ್ಮ ಹಿರಿಯರು ಸಮಾಜಕ್ಕೂ ಮಾಡಿದ್ದು ಇದೇ ವ್ಯವಸ್ಥೆ.'

ಈ ಸಲ ಸುಮ್ಮನಿರಲಿಲ್ಲ. 'ಇದರಲ್ಲಿ ಮೇಲು ಕೀಳು ಎಲ್ಲಿದೆ ತೋರಿಸಿ ಸಾರ್. ಒಂದು ಯೂರೋಪಿಯಂ ಸುತ್ತ ಎಷ್ಟು ಆಕ್ಸಿಜನ್ನೋ ಇನ್ನೊಂದರ ಸುತ್ತಲೂ ಅಷ್ಟೇ. ಯಾರ ತಲೆ ಮೇಲೆ ಯಾರೂ ಕೂತಿಲ್ಲ.' ಅವರು ಎದ್ದು ಹೋದರು.

ಊರಿಗೆ ಹೋದಾಗ ಅವ್ವನಿಗೆ ಚಿತ್ರ ತೋರಿಸಿದೆ. 'ಮೂಳೇಲಿ ಇರೋ ಫಾಸ್ಫೇಟೇ ಇದ್ರಲ್ಲೂ ಐತೆ ಕಣವ್ವ' ಅಂದೆ. ಬಹಳ ಹೊತ್ತು ನೋಡಿದಳು.

'ಇದ್ಕೆ ನಿನ್ ಹೆಸ್ರು ಹಾಕ್ತಾರಾ ಮಗಾ?'

'ಹಾಕುಸ್ತೀನಿ ಕಣವ್ವ.'