ಉಪ್ಪಿನ ಪಾಠ

ಮಕ್ಕಳು ಕಾಲೇಜಿನಲ್ಲಿ ವಿಷಯ ಆರಿಸಿಕೊಳ್ಳುವಾಗ ನೀವು ಯಾವ ಸಲಹೆ ನೀಡುತ್ತೀರಿ? ನಾನೊಮ್ಮೆ ನೀಡಿದ ಸಲಹೆ ತಪ್ಪಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯು ಮೈಸೂರು ವಿಶ್ವವಿದ್ಯಾನಿಲಯದ ಪದವಿ ತರಗತಿಗಳಿಗೂ ಬಂದಿತು. ವಿದ್ಯಾರ್ಥಿಗಳು ತಮ್ಮ ಮುಖ್ಯ ವಿಷಯಗಳ ಜೊತೆಗೆ ಬೇರೊಂದು ವಿಭಾಗದ ಪತ್ರಿಕೆಯನ್ನು ಮುಕ್ತ ಆಯ್ಕೆಯಾಗಿ ಓದಲೇಬೇಕಾಯಿತು. ಆ ಪಠ್ಯಕ್ರಮವನ್ನು ರಾಜ್ಯವು 2024ರಲ್ಲಿ ಕೈಬಿಟ್ಟಿತು. ಅದು ಜಾರಿಯಲ್ಲಿದ್ದಾಗ ನಮ್ಮ ಧರ್ಮಕೇಂದ್ರದ ಬಿ.ಎ. ವಿದ್ಯಾರ್ಥಿನಿಯೊಬ್ಬಳು ಭಾನುವಾರದ ಬಲಿಪೂಜೆಯ ಬಳಿಕ ಬಂದು, "ಫಾದರ್, ನಿತ್ಯಜೀವನದ ರಸಾಯನಶಾಸ್ತ್ರವೆಂಬ ಪತ್ರಿಕೆ ಇದೆ. ತೆಗೆದುಕೊಳ್ಳಲೇ?" ಎಂದಳು.

ಹತ್ತನೆಯ ತರಗತಿಯಲ್ಲಿ ವಿಜ್ಞಾನ ಅವಳನ್ನು ಎಷ್ಟು ಅಳಿಸಿತ್ತೆಂದು ಬಲ್ಲೆ. "ಮೂರು ಕ್ರೆಡಿಟ್ಟಿಗೆ ಇಷ್ಟು ಕಷ್ಟ ಏಕಮ್ಮಾ? ಸುಲಭವಾದುದನ್ನು ಆರಿಸಿಕೊಂಡು ಮುಗಿಸಿಬಿಡು" ಎಂದೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದಿದ ನನಗೆ ರಸಾಯನಶಾಸ್ತ್ರವೆಂದರೆ ಇಂದಿಗೂ ಅಂಜಿಕೆ. ಆ ಅಂಜಿಕೆಯನ್ನೇ ಅವಳಿಗೆ ಸಲಹೆಯೆಂದು ಕೊಟ್ಟೆನು.

ಅವಳು ನನ್ನ ಮಾತು ಕೇಳಲಿಲ್ಲ. ಕೆಲವು ವಾರಗಳ ನಂತರ ಬಂದು ಕಾರಣ ತಿಳಿಸಿದಳು. ಅವಳ ತಾಯಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುವವರು. ಶೌಚಾಲಯದ ಕಲೆ ಬೇಗ ಹೋಗಲೆಂದು ಬ್ಲೀಚಿಂಗ್ ಪೌಡರಿಗೆ ಆಸಿಡ್ ಬೆರೆಸುತ್ತಿದ್ದರು. ರಾತ್ರಿಯೆಲ್ಲಾ ಕೆಮ್ಮು. ಆ ಘಾಟು ಏನೆಂದು ತಿಳಿಯುವ ಹಂಬಲವೇ ಅವಳನ್ನು ಆ ತರಗತಿಗೆ ಕರೆದೊಯ್ದಿತ್ತು. ಅವೆರಡೂ ಸೇರಿದರೆ ಕ್ಲೋರಿನ್ ಎಂಬ ವಿಷಾನಿಲ ಹೊರಬಂದು ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆಂದು ತಿಳಿದ ಸಂಜೆಯೇ ತಾಯಿಗೆ ವಿವರಿಸಿ, ಆ ಅಭ್ಯಾಸ ಬಿಡಿಸಿದಳು.

"ಫಾದರ್, ನಮ್ಮ ನಲ್ಲಿಯ ಕಾವೇರಿ ನೀರಿನ ರೋಗಾಣುಗಳನ್ನು ಕೊಲ್ಲುವುದೂ ಕ್ಲೋರಿನ್ನೇ. ಅದು ಸೋಡಿಯಂ ಜೊತೆ ಕೂಡಿದರೆ ಅಡುಗೆಯ ಉಪ್ಪು!" ಎಂದಳು.

ನಾನು ಮೌನವಾದೆ. ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಉಪ್ಪಿಗೆ ಹೋಲಿಸಿದ ಶುಭಸಂದೇಶದ ಮೇಲೆ ಎಷ್ಟು ಪ್ರಬೋಧನೆಗಳನ್ನು ಮಾಡಿದ್ದೇನೋ! ನೀರು ತಾಗಿದರೆ ಉರಿದೇಳಬಲ್ಲ ಲೋಹವೂ ಉಸಿರುಗಟ್ಟಿಸುವ ಅನಿಲವೂ ಒಂದಾಗಿ ಅನ್ನಕ್ಕೆ ರುಚಿ ಕೊಡುತ್ತವೆ ಎಂಬುದು ನನ್ನ ಮನಸ್ಸಿಗೆ ಇಳಿದದ್ದು ಅಂದೇ. ಒಂದೇ ಮನೆಯಲ್ಲಿ ಉರಿಯುವವರೂ ಉಸಿರುಗಟ್ಟಿಸುವವರೂ ಇರುವ ಕುಟುಂಬಗಳನ್ನು ಆ ಬಳಿಕ ನಾನು ಹೆಚ್ಚು ಭರವಸೆಯಿಂದ ಕಾಣುತ್ತೇನೆ.

ಪ್ರಿಯ ತಂದೆತಾಯಂದಿರೇ, ಮಕ್ಕಳು ವಿಷಯ ಆರಿಸುವಾಗ "ಯಾವುದು ಸುಲಭ?" ಎಂದು ಕೇಳುವ ಮೊದಲು "ನಿನಗೆ ಏನು ತಿಳಿಯಬೇಕಾಗಿದೆ?" ಎಂದು ಕೇಳಿರಿ. ನಮ್ಮ ಭಯವನ್ನು ಅವರ ಹೆಗಲಿಗೇರಿಸದಿರೋಣ. ಹಾಗೆಯೇ, ಮನೆಗೆಲಸಕ್ಕೆ ಬರುವ ತಾಯಂದಿರ ಕೈಯಲ್ಲಿ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಒಂದೇ ಬಕೆಟ್ಟಿಗೆ ಬೀಳದಂತೆ ನೋಡಿಕೊಳ್ಳಿರಿ. ಇದೂ ಪರಪ್ರೇಮವೇ.